ಟ್ರಯಲ್ ಬೇಡದ ಮೈ

ಬೆಳಗ್ಗೆ ಎಂಟು ಗಂಟೆಗೆ ಟೈಲರ್ ಮಾಸ್ಟರು ಅಂಗಡಿಯ ಷಟರ್ ಎತ್ತಿ, ಮಿಷನ್ನಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು, ಸೂಜಿಗೆ ದಾರ ಪೋಣಿಸಲು ಒಂದು ಕಣ್ಣು ಮುಚ್ಚಿಕೊಂಡಿದ್ದರು. ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು. ದಾರ ಪೋಣಿಸಿಯಾದ ಮೇಲೆ ನೋಡಿದ್ದರೂ ನಡೆಯುತ್ತಿತ್ತು. ಆದರೆ ಅವರು ಆಗಲೇ ನೋಡಿದರು, ನೋಡಿದ ಕೂಡಲೇ ದಾರ ಕೈತಪ್ಪಿ ಕೆಳಗೆ ಬಿತ್ತು. ಹೆಂಡತಿಯ ತವರಿನವರೆಲ್ಲ ಇರುವ ಗುಂಪಿನಲ್ಲಿ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಒಂದು ಚಿತ್ರ ಹಾಕಿದ್ದ.

ಚಿತ್ರದಲ್ಲಿ ಷಡ್ಡಕನ ಯೋಧ ಬೆಟ್ಟದ ತುದಿಯಲ್ಲಿ ನಿಂತಿದ್ದ. ಮೈಮೇಲೆ ಬೆಳ್ಳಿಯ ಕವಚ, ತಲೆಯ ಮೇಲೆ ಬೆಳ್ಳಿಯ ಶಿರಸ್ತ್ರಾಣ, ಭುಜದಿಂದ ಇಳಿಬಿದ್ದ ನೀಲಿ ಮೇಲಂಗಿ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಎಳೆತವಿಲ್ಲ. ಎರಡೇ ನಿಮಿಷದಲ್ಲಿ ಮಾವನವರು ಭೇಷ್ ಎಂದು ಬರೆದರು, ಅತ್ತೆ ದೃಷ್ಟಿ ತಾಗೀತು ಎಂದು ಬರೆದರು, ಮಾಸ್ಟರ ಸ್ವಂತ ಹೆಂಡತಿಯೇ ಮೂರು ಚಪ್ಪಾಳೆ ಒತ್ತಿದಳು. ಹೋದ ತಿಂಗಳು ಮಾಸ್ಟರು ತಮ್ಮ ಯೋಧನ ಚಿತ್ರ ಹಾಕಿದ್ದಾಗ ಆ ಗುಂಪಿನಲ್ಲಿ ಬಂದ ಉತ್ತರ ಒಂದೇ. ಯಾಕೆ, ಹುಷಾರಿಲ್ಲವಾ ಎಂದು ಅತ್ತೆ ವಿಚಾರಿಸಿದ್ದರು.

ಈ ಯೋಧರ ಸಂಗತಿ ಸ್ವಲ್ಪ ಹೇಳಬೇಕು. ಅದು ಕತ್ತಿ, ಮಂತ್ರ, ಡ್ರ್ಯಾಗನ್ನುಗಳಿರುವ ಒಂದು ಕಂಪ್ಯೂಟರ್ ಆಟ. ಎದುರಿನ ಕಂಪ್ಯೂಟರ್ ಅಂಗಡಿಯ ಮೇಡಂ ಎರಡು ವರ್ಷದ ಹಿಂದೆ ಅದನ್ನು ಇಡೀ ಬೀದಿಗೆ ಅಂಟಿಸಿಬಿಟ್ಟಿದ್ದರು. ಡ್ರ್ಯಾಗನ್ ಕೊಲ್ಲುವುದು ಎಲ್ಲರಿಗೂ ಬೇಗ ಬೇಸರವಾಯಿತು. ತಮ್ಮ ತಮ್ಮ ಯೋಧನಿಗೆ ಉಡಿಸಿ ತೊಡಿಸುವುದು ಮಾತ್ರ ಬೇಸರವಾಗಲಿಲ್ಲ. ಆಟದವರು ಕೊಟ್ಟ ಬಟ್ಟೆ ಸಾಲದೆಂದು ಯಾವ್ಯಾವುದೋ ಊರಿನ ಹುಚ್ಚರು ತಾವೇ ಹೊಸ ಹೊಸ ಕವಚ ತಯಾರಿಸಿ ಇಂಟರ್ನೆಟ್ಟಿನಲ್ಲಿ ಇಡುತ್ತಾರೆ. ಅದನ್ನು ಇಳಿಸಿಕೊಂಡು ನಮ್ಮ ಆಟದೊಳಗೆ ಸೇರಿಸಿದರೆ ಅದಕ್ಕೆ ಮಾಡ್ ಎನ್ನುತ್ತಾರೆ. ಸೇರಿಸುವುದು ಸುಲಭ, ಸೇರಿಸಿದ್ದು ಮೈಗೆ ಕೂರುವುದು ಕಷ್ಟ. ರೆಡಿಮೇಡ್ ಅಂಗಿಯ ಹಾಗೆ ಅದೂ ಇನ್ಯಾರದೋ ಅಳತೆಗೆ ಮಾಡಿದ್ದು.

ಆ ದಿನ ಸಂಜೆ ಆರು ಗಂಟೆಗೆ ಮೇಡಂ ಅಂಗಡಿಯಲ್ಲಿ ಸ್ಪರ್ಧೆ ಇತ್ತು. ಯಾರ ಯೋಧನ ಉಡುಪು ಅಚ್ಚುಕಟ್ಟಾಗಿದೆಯೋ ಅವನ ಚಿತ್ರವನ್ನು ಆಳೆತ್ತರಕ್ಕೆ ಮುದ್ರಿಸಿ, ಅಂಗಡಿಯ ಬಾಗಿಲ ಪಕ್ಕದಲ್ಲಿ ಒಂದು ವರ್ಷ ತೂಗುಹಾಕುವುದಾಗಿ ಅವರು ಸಾರಿದ್ದರು. ನಿಯಮ ಒಂದೇ, ಯೋಧನನ್ನು ದೊಡ್ಡ ಪರದೆಯ ಮೇಲೆ ಒಂದು ಸುತ್ತು ಪೂರ್ತಿ ತಿರುಗಿಸಿ ತೋರಿಸಬೇಕು. ಬೇರೆಯವರಿಗೆ ಇದು ತಮಾಷೆ. ಮಾಸ್ಟರಿಗಲ್ಲ. ಮೇಡಂ ಅಂಗಡಿಯ ಬಾಗಿಲು ಇರುವುದು ಮಾಸ್ಟರ ಮಿಷನ್ನಿಗೆ ನೇರ ಎದುರಿನಲ್ಲಿ. ಷಡ್ಡಕ ಗೆದ್ದರೆ ವರ್ಷವಿಡೀ, ಕಾಲರಿನಿಂದ ತಲೆ ಎತ್ತಿದಾಗಲೆಲ್ಲ, ಅವನ ಬೆಳ್ಳಿಯೋಧನ ದರ್ಶನ. ಅದನ್ನು ನೆನೆದೇ ಮಾಸ್ಟರಿಗೆ ಹೊಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು.

ಈ ಉರಿ ಇವತ್ತಿನದಲ್ಲ. ಷಡ್ಡಕ ಈಜುಕೊಳದಲ್ಲಿ ಈಜು ಕಲಿಸುವವನು. ಅಗಲ ಭುಜ, ಚಪ್ಪಟೆ ಹೊಟ್ಟೆ, ಗಲ್ಲದ ನಡುವೆ ಒಂದು ಗುಳಿ. ಗುಳಿಯ ವಿಷಯ ಅತ್ತೆ ಪದೇ ಪದೇ ಹೇಳುವುದರಿಂದ ಮಾಸ್ಟರಿಗೆ ಗೊತ್ತು, ಉಳಿದದ್ದು ಟೇಪು ಹಿಡಿದೇ ಗೊತ್ತು. ಒಂಬತ್ತು ವರ್ಷದ ಹಿಂದೆ ಅವನ ಮದುವೆಯ ಸೂಟು ಹೊಲಿದವರು ಇವರೇ. ಟ್ರಯಲ್ಲಿಗೆ ಕರೆದು ತೊಡಿಸಿದರೆ ಒಂದು ಗುಂಡುಪಿನ್ನು ಚುಚ್ಚುವ ಕೆಲಸ ಬೀಳಲಿಲ್ಲ. ಮಾಸ್ಟರ ಅಳತೆ ಪುಸ್ತಕದಲ್ಲಿ ಎಲ್ಲರ ಪುಟದಲ್ಲೂ ಎಡ ಭುಜ ಇಳಿಕೆ, ಹೊಟ್ಟೆಗೆ ಬಿಡು, ಬೆನ್ನು ಗೂನು ಎಂದು ಏನಾದರೊಂದು ಷರಾ ಇರುತ್ತದೆ. ನಲವತ್ತೇಳನೆಯ ಪುಟದಲ್ಲಿ ಮಾತ್ರ ಬರೀ ಅಂಕಿ. ಮದುವೆಯ ದಿನ ಆ ಸೂಟು ನೋಡಿದವರೆಲ್ಲ ಎಂಥ ಮೈಕಟ್ಟು ಎಂದರು. ಎಂಥ ಹೊಲಿಗೆ ಎಂದು ಒಬ್ಬನೇ ಒಬ್ಬ ಅನ್ನಲಿಲ್ಲ. ಹನ್ನೊಂದು ದಿನ ಕೂತು ಹೊಲಿದವರ ಹೊಟ್ಟೆ ಉರಿಯದೆ ಏನಾದೀತು.

ಚಿತ್ರದ ಕೆಳಗೆ ಷಡ್ಡಕ ಕವಚದ ಹೆಸರನ್ನೂ ಬರೆದಿದ್ದ. ಮಾಸ್ಟರು ಅದೇ ಕವಚ ಇಳಿಸಿಕೊಳ್ಳಲು ನಿಶ್ಚಯಿಸಿದರು. ಅದೇ ಬಟ್ಟೆ, ಆದರೆ ಹೊಂದಿಸುವವನು ಟೈಲರ್, ಎಂದು ತಮಗೆ ತಾವೇ ಹೇಳಿಕೊಂಡರು. ಮಿಷನ್ನಿನ ಮೇಲ್ಗಡೆ ಅವರೇ ಬಣ್ಣದಲ್ಲಿ ಬರೆದ ಬೋರ್ಡು ಇತ್ತು: ‘ಬಟ್ಟೆ ನಿಮಗೆ ಹೊಂದಬೇಕು, ನೀವು ಬಟ್ಟೆಗಲ್ಲ.’ ಅದನ್ನೊಮ್ಮೆ ನೋಡಿ, ಟ್ರಯಲ್ ರೂಮಿನ ಪರದೆ ಸರಿಸಿ ಒಳಗೆ ಹೋದರು. ಹೊಸ ಕಾಲರಿನ ಮಾದರಿ ನೋಡಲೆಂದು ತಂದ ಕಂಪ್ಯೂಟರ್ ಎರಡು ವರ್ಷದಿಂದ ಆ ರೂಮನ್ನು ಆಕ್ರಮಿಸಿಕೊಂಡಿತ್ತು. ಗಿರಾಕಿಗಳು ಅದರ ಹಿಂದಿನ ಮೂಲೆಯಲ್ಲಿ ಒಂಟಿ ಕಾಲಲ್ಲಿ ನಿಂತು ಪ್ಯಾಂಟು ಬದಲಿಸುತ್ತಿದ್ದರು.

ಕವಚ ಇಳಿಯಿತು, ಆಟದೊಳಗೆ ಸೇರಿತು, ಯೋಧನ ಮೈ ಏರಿತು. ಯೋಧ ಅಡಿಯಿಂದ ಮುಡಿಯವರೆಗೆ ಬದನೆಕಾಯಿ ಬಣ್ಣಕ್ಕೆ ತಿರುಗಿದ. ಬೆಳ್ಳಿಯ ಸುಳಿವೇ ಇಲ್ಲ. ಮಾಸ್ಟರು ತೆಗೆದು ತೊಡಿಸಿದರು, ತೊಡಿಸಿ ತೆಗೆದರು. ಬದನೆಕಾಯಿ ಬದನೆಕಾಯಿಯಾಗಿಯೇ ಉಳಿಯಿತು.

ಆ ಹೊತ್ತಿಗೆ ನಿವೃತ್ತ ಹೆಡ್‌ಕ್ಲರ್ಕರು ಪ್ಯಾಂಟು ಹಿಡಿದು ಬಂದರು. ಐದೂವರೆಗೆ ಅವರ ಪಿಂಚಣಿದಾರರ ಸಂಘದ ಗ್ರೂಪ್ ಫೋಟೋ, ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿದೆ, ಮೂವತ್ತೆಂಟಿದ್ದ ಸೊಂಟವನ್ನು ನಲವತ್ತಕ್ಕೆ ಬಿಡಿಸಿ ಐದರೊಳಗೆ ಕೊಡಬೇಕು ಎಂದರು. ಹೇಳಿ ಹೋಗಬೇಕಾದವರು ಪರದೆಯ ಸಂದಿಯಿಂದ ನೇರಳೆ ಯೋಧನನ್ನು ಕಂಡು ಅಲ್ಲೇ ಸ್ಟೂಲೆಳೆದು ಕೂತರು. ಮೂವತ್ತಾರು ವರ್ಷ ಕಡತಗಳ ನಡುವೆ ಬದುಕಿದವರು. ಕವಚದ ಕಡತಗಳನ್ನು ಎಲ್ಲಿ ಇಟ್ಟಿದ್ದೀರಿ ತೋರಿಸಿ ಎಂದರು. ತೋರಿಸಿದಾಗ, ಕವಚದ ಆಕಾರ ಒಂದು ಫೋಲ್ಡರಿನಲ್ಲಿ, ಅದರ ಬಣ್ಣ ಇನ್ನೊಂದರಲ್ಲಿ ಇತ್ತು.

“ಮಾಸ್ಟ್ರೇ, ಅರ್ಜಿ ಒಂದು ಕಪಾಟಲ್ಲಿ, ಅದರ ಲಗತ್ತು ಇನ್ನೊಂದು ಕಪಾಟಲ್ಲಿ ಇಟ್ರೆ ಯಾವ ಸಾಹೇಬರು ಸಹಿ ಹಾಕ್ತಾರೆ?” ಎಂದು ಅವರು ತಾವೇ ಬಣ್ಣವನ್ನು ಜಾಗಕ್ಕೆ ಸೇರಿಸಿದರು. ಕವಚ ಫಳಕ್ಕನೆ ಬೆಳ್ಳಿಯಾಯಿತು.

ಬೆಳ್ಳಿ ಬಂತು, ಅದರ ಜೊತೆ ಹೊಟ್ಟೆಯೂ ಬಂತು. ಮಾಸ್ಟರು ಎರಡು ವರ್ಷದ ಹಿಂದೆ ಯೋಧನನ್ನು ಮಾಡುವಾಗ ತಮ್ಮನ್ನೇ ಎದುರಿಗಿಟ್ಟುಕೊಂಡು ಮಾಡಿದ್ದರು. ದಪ್ಪ ಮೀಸೆ, ಗಿಡ್ಡ ಕುತ್ತಿಗೆ, ಮಿಷನ್ನಿನ ಮೇಲೆ ಬಾಗಿ ಬಾಗಿ ಇಳಿದ ಬಲಭುಜ, ಮರ್ಯಾದಸ್ಥ ಗಾತ್ರದ ಹೊಟ್ಟೆ. ಆ ಹೊಟ್ಟೆ ಈಗ ಎದೆಕವಚದ ಲೋಹವನ್ನು ತೂರಿಕೊಂಡು, ಕಿಟಕಿಯಿಂದ ಬೀದಿ ನೋಡುವ ಯಜಮಾನನ ಹಾಗೆ ಹೊರಗೆ ಬಂದಿತ್ತು. ಬಲಭುಜದ ಮೇಲೆ ಕವಚ ಗಾಳಿಯಲ್ಲಿ ತೇಲುತ್ತಿತ್ತು.

ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ಮಡಿಸಿದ ಅಂಗಿಗಳನ್ನು ಕೊಡಲು ಬಂದವಳು ತಾನೂ ಪರದೆಯೊಳಗೆ ತಲೆ ಹಾಕಿದಳು. ಹೊಟ್ಟೆಯ ಬಗ್ಗೆ ಏನೂ ಹೇಳಲಿಲ್ಲ. ನೀಲಿ ಮೇಲಂಗಿ ಎಲ್ಲಿ ಎಂದಳು. ಮೇಲಂಗಿಯ ಜಾಗದಲ್ಲಿ ಮಾಸ್ಟರು ಹೋದ ವರ್ಷ ಸೇರಿಸಿದ್ದ ಕಂದು ಕಂಬಳಿಯೇ ನೇತಾಡುತ್ತಿತ್ತು. ಅಕ್ಕ ಸುಮ್ಮನಿರದೆ ಬಾಗಿಲಿಗೆ ಹೋಗಿ ಬೀದಿಯಾಚೆಗಿನ ಮೇಡಂ ಅವರನ್ನು ಕೂಗಿ ಕರೆದಳು. ಸಂಜೆ ತೀರ್ಪು ಕೊಡಬೇಕಾದವರ ಎದುರೇ ಮಾಸ್ಟರ ಮಾನ ಬೀದಿಗೆ ಬಂತು. ಮೇಡಂ ಒಳ್ಳೆಯವರು, ನಗು ತಡೆದುಕೊಂಡು ಕಾರಣ ಹೇಳಿದರು.

“ಪಟ್ಟೀಲಿ ಕ್ರಮ ತಪ್ಪಿದೆ ಮಾಸ್ಟ್ರೇ, ಹಳೇ ಕಂಬಳಿ ಕೊನೇಲಿ ಕೂತಿದೆ. ಇದರಲ್ಲಿ ಕೊನೆಗೆ ಬಂದಿದ್ದೇ ಮೇಲೆ ನಿಲ್ಲೋದು. ಮೊದಲು ಬಂದಿದ್ದು ಎಷ್ಟೇ ಗಟ್ಟಿ ಇದ್ರೂ ಕಾಣಲ್ಲ.”

ಆ ನಿಯಮ ಮಾಸ್ಟರಿಗೆ ಹೊಸದಲ್ಲ. ಮಾವನ ಮನೆಗೆ ಮೊದಲ ಅಳಿಯನಾಗಿ ಹೋಗಿ ಏಳು ವರ್ಷ ಅವರು ಒಬ್ಬರೇ ಮೆರೆದಿದ್ದರು. ಮಾವ ಏನೇ ಕೊಳ್ಳುವುದಿದ್ದರೂ ಇವರನ್ನು ಕೇಳುತ್ತಿದ್ದರು. ಆಮೇಲೆ ಕೊನೆಗೆ ಬಂದವನು ಬಂದ. ಅಂದಿನಿಂದ ಮಾವನ ಕಣ್ಣಿಗೆ ಇವರು ಕಂದು ಕಂಬಳಿ. ಮಾಸ್ಟರು ಹಲ್ಲು ಕಚ್ಚಿಕೊಂಡು ನೀಲಿ ಮೇಲಂಗಿಯನ್ನು ಪಟ್ಟಿಯ ಕೊನೆಗೆ ಇಳಿಸಿದರು, ಅದು ತಕ್ಷಣ ಕಂಬಳಿಯನ್ನು ನುಂಗಿ ಮೇಲೆ ಬಂತು.

ಮಧ್ಯಾಹ್ನ ಒಂದು ಗಂಟೆಗೆ ಹೆಂಡತಿ ಊಟದ ಡಬ್ಬಿ ತಂದಳು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಆಕೆಗೆ ಯಾವ ಸಮಸ್ಯೆ ಕಂಡರೂ ಗೊತ್ತಿರುವವರನ್ನು ಕೇಳಿ ಎಂದು ಹೇಳಿ ಅಭ್ಯಾಸ.

“ರೀ, ನಮ್ಮ ತಂಗಿ ಗಂಡನ್ನೇ ಒಂದು ಮಾತು ಕೇಳಿ. ಅವರಿಗೆ ಹೇಗೆ ಕೂತಿತು ಅಂತ ಹೇಳ್ತಾರೆ. ಕೇಳಿದ್ರೆ ಏನೂ ಸವೆದುಹೋಗಲ್ಲ.”

“ಮೂವತ್ತು ವರ್ಷದಿಂದ ಹೊಲಿಯೋನು ನಾನು,” ಎಂದರು ಮಾಸ್ಟರು. “ನೀರಲ್ಲಿ ಚಡ್ಡಿ ಹಾಕ್ಕೊಂಡು ಓಡಾಡೋನ ಹತ್ರ ಬಟ್ಟೆ ಹೊಂದಿಸೋದು ಕೇಳಬೇಕಾ?”

ಆಕೆ ಡಬ್ಬಿ ಇಟ್ಟು ಹೊರಟುಹೋದಳು. ಆ ಒಂದು ಫೋನು ಮಾಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚು ಹತ್ತಿದವನ ಕೈಗೆ ಫೋನು ತುಂಬ ಭಾರ.

ಊಟ ಮಾಡುತ್ತ ಮಾಸ್ಟರು ಯೋಚಿಸಿದರು. ಕವಚವನ್ನು ಬಿಚ್ಚಿ ಹಿಗ್ಗಿಸುವಂತಿಲ್ಲ, ಅದಕ್ಕೆ ಒಳ ಅಂಚಿಲ್ಲ, ಹೊಲಿಗೆಯಿಲ್ಲ. ಆದರೆ ಆಟದಲ್ಲಿ ಯೋಧನ ಮೈ ತಿದ್ದಲು ಗುಂಡಿಗಳಿವೆ. ಎಳೆದರೆ ಭುಜ ಹಿಗ್ಗುತ್ತದೆ, ತಳ್ಳಿದರೆ ಹೊಟ್ಟೆ ಕುಗ್ಗುತ್ತದೆ. ಬಟ್ಟೆ ಹೊಂದದಿದ್ದರೆ ಮೈಯನ್ನೇ ಕತ್ತರಿಸಿದರಾಯಿತು. ಈ ಯೋಚನೆ ಬಂದಾಗ ಅವರು ಬೋರ್ಡಿನ ಕಡೆ ಬೆನ್ನು ಮಾಡಿ ಕೂತಿದ್ದರು.

ಯಾರ ಅಳತೆಗೆ ಕತ್ತರಿಸುವುದು ಎಂಬುದಕ್ಕೆ ಬಹಳ ಯೋಚಿಸಬೇಕಾಗಿರಲಿಲ್ಲ. ಹೊಲಿದದ್ದೆಲ್ಲ ಟ್ರಯಲ್ ಇಲ್ಲದೆ ಕೂರುವ ಮೈ ಅವರು ತಮ್ಮ ಕಸುಬಿನಲ್ಲಿ ಕಂಡದ್ದು ಒಂದೇ. ಅಳತೆ ಪುಸ್ತಕ ತೆಗೆದು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ನಲವತ್ತೇಳನೆಯ ಪುಟ ಬಿಡಿಸಿದರು. ಭುಜ ಹದಿನೆಂಟು, ಎದೆ ನಲವತ್ತು, ಸೊಂಟ ಮೂವತ್ತೆರಡು. ಕತ್ತಿನ ಕೆಳಗೆ ಮಾತ್ರ ಅವನದು, ಮೇಲೆ ನಾನು, ಎಂದು ಮನಸ್ಸಿಗೆ ಸಮಾಧಾನ ಹೇಳಿ ಒಂದೊಂದೇ ಗುಂಡಿ ಎಳೆದರು. ಹೊಟ್ಟೆ ಒಳಗೆ ಹೋಯಿತು. ಇಳಿದ ಭುಜ ಎದ್ದಿತು. ಕವಚ ಕೂತಿತು. ಒಂದು ಗುಂಡುಪಿನ್ನಿನ ಕೆಲಸ ಇಲ್ಲದ ಹಾಗೆ ಕೂತಿತು. ಮಾಸ್ಟರಿಗೆ ಅತ್ತ ಸಂತೋಷ, ಇತ್ತ ಸಂಕಟ, ಎರಡೂ ಒಟ್ಟಿಗೇ ಆಯಿತು.

ಅದೇ ಗುಂಗಿನಲ್ಲಿ ಮೂರು ಗಂಟೆಗೆ ಹೆಡ್‌ಕ್ಲರ್ಕರ ಪ್ಯಾಂಟು ಹಿಡಿದು ಮಿಷನ್ನಿಗೆ ಕೂತರು. ಬಾಯಲ್ಲಿ ಹದಿನೆಂಟು, ನಲವತ್ತು, ಮೂವತ್ತೆರಡು ಎಂಬ ಜಪ. ಸೊಂಟಪಟ್ಟಿ ಬಿಚ್ಚಿದರು, ಕತ್ತರಿಸಿದರು, ಹೊಲಿದರು, ಅಕ್ಕನ ಕೈಯಲ್ಲಿ ಇಸ್ತ್ರಿ ಮಾಡಿಸಿ ಕಾಗದದಲ್ಲಿ ಸುತ್ತಿಟ್ಟರು. ಐದಕ್ಕೆ ಐದು ನಿಮಿಷ ಇರುವಾಗ ಹೆಡ್‌ಕ್ಲರ್ಕರು ಓಡಿ ಬಂದು, ತೊಟ್ಟು ನೋಡಲು ಪುರುಸೊತ್ತಿಲ್ಲವೆಂದು ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಓಡಿದರು.

ಉಳಿದ ಹೊತ್ತಿನಲ್ಲಿ ನಡೆದದ್ದು ಕುತ್ತಿಗೆಯ ಕೆಲಸ. ಪ್ಯಾಂಟು ಮುಗಿಸಿ ಕಂಪ್ಯೂಟರಿಗೆ ಮರಳಿದಾಗ ಅಕ್ಕ ಅಲ್ಲೇ ಕೂತು ಯೋಧನನ್ನು ನೋಡುತ್ತಿದ್ದಳು. ಕುತ್ತಿಗೆ ಹತ್ರ ಗೆರೆ ಕಾಣ್ತಿದೆಯಲ್ಲ ಎಂದಳು. ನಿಜ. ಹೊಸ ಮೈಯ ಬಣ್ಣ ಒಂದು, ಹಳೇ ಮುಖದ ಬಣ್ಣ ಇನ್ನೊಂದು. ನಡುವೆ ಸುತ್ತಲೂ ಒಂದು ಗೆರೆ, ಬೇರೆ ಥಾನಿನ ಬಟ್ಟೆಯಿಂದ ಕಾಲರ್ ಕೂರಿಸಿದ ಹಾಗೆ. ಜೋಡಣೆ ಕಣ್ಣಿಗೆ ಬೀಳುವುದನ್ನು ಮಾಸ್ಟರು ಜನ್ಮದಲ್ಲಿ ಸಹಿಸಿದವರಲ್ಲ. ಮುಖದ ಬಣ್ಣವನ್ನು ಮೈಗೆ ಸರಿಹೊಂದಿಸಿದರು.

ಬಣ್ಣ ಸರಿಯಾದರೆ ಕುತ್ತಿಗೆ ಗಿಡ್ಡ, ಕವಚದ ಕೊರಳಪಟ್ಟಿ ಗಲ್ಲವನ್ನು ಇರಿಯುತ್ತಿತ್ತು. ಕುತ್ತಿಗೆ ಉದ್ದ ಮಾಡಿದರು. ಶಿರಸ್ತ್ರಾಣ ಇಟ್ಟರೆ ಕಿವಿಗಳೆರಡೂ ಲೋಹ ತೂರಿ ಹೊರಗೆ ಬಂದವು. ಕಿವಿ ಚಿಕ್ಕದು ಮಾಡಿದರು. ಮೂಗಿನ ಮೇಲಿಳಿಯುವ ಪಟ್ಟಿ ಮೂಗಿನೊಳಗೆ ಹೂತಿತ್ತು, ಮೂಗು ನೇರ ಮಾಡಿದರು. ಮೀಸೆ ಕೆನ್ನೆಯ ಪಟ್ಟಿಯ ಮೇಲೆ ಹುಲ್ಲಿನ ಹಾಗೆ ಬೆಳೆದು ನಿಂತಿತ್ತು. ಸ್ವಲ್ಪ ಹೊತ್ತು ಕೈ ತಡೆಯಿತು, ಗಡಿಯಾರ ನೋಡಿ ಅದನ್ನೂ ಬೋಳಿಸಿದರು. ಕೊನೆಗೆ ಗಲ್ಲದ ಕೆಳಗಿನ ಬಿಗಿಪಟ್ಟಿ. ಅದು ಗಲ್ಲದ ನಡುವೆ ಒಂದು ಚೂರು ಒಳಗೆ ಸೇರಿಕೊಳ್ಳುತ್ತಿತ್ತು. ಬಟ್ಟೆಗೆ ಡಾರ್ಟಿನ ಮಡಿಕೆ ಹಿಡಿದ ಹಾಗೆ ಅಲ್ಲೊಂದು ಸಣ್ಣ ಕುಳಿ ಒತ್ತಿದರು, ಪಟ್ಟಿ ಜಾಗಕ್ಕೆ ಕೂತಿತು.

ಇಲ್ಲಿ ಮಾಸ್ಟರ ಒಂದು ದೌರ್ಬಲ್ಯ ಹೇಳಲೇಬೇಕು. ಅವರು ಮುಖ ನೋಡುವವರಲ್ಲ. ಮೂವತ್ತು ವರ್ಷ ಜನರ ಭುಜ, ಬೆನ್ನು, ತೋಳುಗಳನ್ನೇ ನೋಡಿ ಕಣ್ಣು ಅಲ್ಲಿಗೇ ಹೊಂದಿಕೊಂಡಿತ್ತು. ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತವರ ಬೆನ್ನು ನೋಡಿ, ನಿಮ್ಮ ಕೋಟು ರೆಡಿ ಎಂದು ಹೇಳಬಲ್ಲವರು. ಆದರೆ ಕಾಯಿಲೆಯಿಂದ ಎದ್ದು ಸೊರಗಿ ಬಂದ ಒಡಹುಟ್ಟಿದ ತಮ್ಮನ ಅಳತೆಯನ್ನು ಪೂರ್ತಿ ತೆಗೆದುಕೊಂಡು, ಯಾವ ಹೆಸರಿಗೆ ಬರೆಯಲಿ ಎಂದು ಕೇಳಿದ್ದರು. ಯೋಧನ ವಿಷಯದಲ್ಲೂ ಅಷ್ಟೇ. ಕಿವಿಯನ್ನು ದೊಡ್ಡದು ಮಾಡಿ ಕಿವಿ ನೋಡಿದರು, ಗಲ್ಲವನ್ನು ದೊಡ್ಡದು ಮಾಡಿ ಗಲ್ಲ ನೋಡಿದರು. ಹಿಂದೆ ಸರಿದು ಇಡೀ ಮುಖ ನೋಡಲೇ ಇಲ್ಲ.

ನೋಡಿದವಳು ಅಕ್ಕ. ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟು ಬಂದವಳು ಪರದೆ ಹಿಡಿದು ನಿಂತು ಹುಬ್ಬು ಗಂಟಿಕ್ಕಿದಳು.

“ಈ ಮುಖ ಎಲ್ಲೋ ನೋಡಿದ ಹಾಗಿದೆ ಮಾಸ್ಟ್ರೇ.”

“ಗೆಲ್ಲೋ ಮುಖ ಯಾರಿಗಾದ್ರೂ ಪರಿಚಯ ಅನ್ಸುತ್ತೆ ಅಕ್ಕ,” ಎಂದು ಮಾಸ್ಟರು ಯೋಧನನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ತಲೆ ಬಾಚಿ, ಟೇಪು ಕೊರಳಲ್ಲಿದ್ದಂತೆಯೇ ಬೀದಿ ದಾಟಿದರು.

ಆರು ಗಂಟೆಗೆ ಮೇಡಂ ಅಂಗಡಿ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ಮಾವ, ಅತ್ತೆ. ಅವರ ಪಕ್ಕ ಮಾಸ್ಟರ ಹೆಂಡತಿ, ಅವಳ ತಂಗಿ. ಷಡ್ಡಕ ಹಿಂದೆ ಗೋಡೆಗೊರಗಿ ನಿಂತಿದ್ದ, ಆ ಗೋಡೆಗೂ ಒಂದು ಮೈಕಟ್ಟು ಬಂದ ಹಾಗಿತ್ತು. ಮೊದಲು ಹಾಲಿನ ಬೂತಿನವರ ಯೋಧ ಬಂದ. ಮುಂದಿನಿಂದ ಚೆನ್ನಾಗಿದ್ದ, ತಿರುಗಿದಾಗ ಕೈಗಳಿರಲಿಲ್ಲ. ಬೀಗ ರಿಪೇರಿಯವನ ಯೋಧನ ತಲೆ ಶಿರಸ್ತ್ರಾಣದ ಮೇಲೆ ಕೂತಿತ್ತು. ಜನ ನಕ್ಕರು, ಮಾಸ್ಟರು ಎಲ್ಲರಿಗಿಂತ ಜೋರಾಗಿ ನಕ್ಕರು.

ಆಮೇಲೆ ಮೇಡಂ ಷಡ್ಡಕನನ್ನು ಕರೆದರು. ಅವನು ಗೋಡೆ ಬಿಟ್ಟು ಕದಲಲಿಲ್ಲ. ಕತ್ತು ತುರಿಸಿಕೊಂಡು, ತಾನು ಸ್ಪರ್ಧೆಯಲ್ಲಿ ಇಲ್ಲ ಎಂದ.

“ಎದುರಿಂದ ಮಾತ್ರ ಸರಿ ಇದೆ ಮೇಡಂ. ಹಿಂದೆ ಕವಚಾನೂ ಇಲ್ಲ, ಮೇಲಂಗೀನೂ ಇಲ್ಲ, ಬೆನ್ನು ಪೂರ್ತಿ ಬರಿ ಮೈ. ಮೂರು ವಾರ ಒದ್ದಾಡಿದೆ, ಆಗ್ಲಿಲ್ಲ. ಅದಕ್ಕೇ ಬೆಟ್ಟದ ತುದೀಲಿ ನಿಲ್ಲಿಸಿ ಮುಂದಿನಿಂದ ಫೋಟೋ ತೆಗೆದೆ. ನಮ್ಮ ಟೈಲರ್ ಅಣ್ಣನ್ನ ಕೇಳೋಣ ಅಂದ್ಕೊಂಡೆ, ನಾಚಿಕೆ ಆಯ್ತು.”

ಮಾಸ್ಟರಿಗೆ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಹೊಟ್ಟೆ ತಣ್ಣಗಾಯಿತು. ಎದೆಯುಬ್ಬಿಸಿ ನಡೆದು ಪೆನ್‌ಡ್ರೈವ್ ಕೊಟ್ಟು, ಪರದೆಯ ಪಕ್ಕದಲ್ಲಿ ನಿಂತರು. ಯೋಧನನ್ನು ಬೆನ್ನಿನಿಂದಲೇ ಶುರುಮಾಡಿ ತೋರಿಸಿ ಎಂದು ಷಡ್ಡಕನ ಕಡೆ ಒಂದು ನೋಟ ಎಸೆದರು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಬೆಳ್ಳಿಯ ಬೆನ್ನು ಮೂಡಿತು. ಅದರ ಒಂದು ಬದಿಗೆ ನೀಲಿ ಮೇಲಂಗಿ ನೀರಿನ ಹಾಗೆ ಇಳಿದಿತ್ತು. ಯೋಧ ನಿಧಾನವಾಗಿ ತಿರುಗಿದ. ಪಕ್ಕೆ ಸರಿ, ತೋಳು ಸರಿ, ಕಂಕುಳು ಸರಿ. ಕತ್ತಿನ ಜೋಡಣೆ ಯಾರಿಗೂ ಕಾಣಲಿಲ್ಲ. ಆಮೇಲೆ ಮುಖ ಎದುರಿಗೆ ಬಂತು.

ಮೊದಲು ಮಾತಾಡಿದವರು ಅತ್ತೆ. “ಅಯ್ಯೋ, ಇದು ನಮ್ಮ ಚಿಕ್ಕಳಿಯ,” ಎಂದರು. “ಗಲ್ಲದ ಗುಳಿ ಕೂಡ ಬಿಟ್ಟಿಲ್ಲ ನೋಡಿ.”

ಮಾಸ್ಟರು ನಕ್ಕು ಪರದೆಯ ಕಡೆ ತಿರುಗಿದರು. ಆಗ ಅವರು ಆ ದಿನದಲ್ಲಿ ಮೊದಲ ಸಲ ಯೋಧನ ಮುಖ ನೋಡಿದರು. ನೇರ ಮೂಗು, ಚಿಕ್ಕ ಕಿವಿ, ಮೀಸೆಯಿಲ್ಲದ ತುಟಿ, ಗಲ್ಲದ ನಡುವೆ ಕುಳಿ. ಷಡ್ಡಕ ಬೆಳ್ಳಿಯ ಕವಚ ತೊಟ್ಟು ಅವರನ್ನೇ ನೋಡುತ್ತಿದ್ದ. ಮಾಸ್ಟರು ಗೋಡೆಯ ಹತ್ತಿರ ನಿಂತವನನ್ನು ನೋಡಿದರು, ಪರದೆಯವನನ್ನು ನೋಡಿದರು.

ಷಡ್ಡಕ ಜನರನ್ನು ಸರಿಸಿಕೊಂಡು ಮುಂದೆ ಬಂದ. ಅವನ ಕಣ್ಣು ತುಂಬಿತ್ತು. ಮಾಸ್ಟರ ಎರಡೂ ಕೈ ಹಿಡಿದುಕೊಂಡ.

“ಅಣ್ಣಾ, ನಿಮಗೆ ನಾನು ಅಂದ್ರೆ ಅಷ್ಟಕ್ಕಷ್ಟೇ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ. ನನ್ನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದ್ದೀರಾ?”

ಇಡೀ ಅಂಗಡಿ ಉತ್ತರಕ್ಕೆ ಕಾಯಿತು. ಮಾಸ್ಟರ ಮುಂದೆ ಎರಡೇ ದಾರಿ. ಇದು ಪ್ರೀತಿಯಲ್ಲ, ಹೊಟ್ಟೆಕಿಚ್ಚು, ಎಂದು ಮಾವನ ಎದುರು ಒಪ್ಪಿಕೊಳ್ಳಬೇಕು. ಇಲ್ಲವೇ ಸುಮ್ಮನೆ ತಲೆಯಾಡಿಸಬೇಕು. ಹೆಂಡತಿ ಅವರನ್ನು ನೋಡುತ್ತಿದ್ದ ರೀತಿಯಲ್ಲಿ ಮದುವೆಯಾದ ಹೊಸತರ ಬೆಳಕಿತ್ತು. ಮಾಸ್ಟರು ತಲೆಯಾಡಿಸಿದರು.

ಅದೇ ಗಳಿಗೆಗೆ ಬಾಗಿಲಲ್ಲಿ ಹೆಡ್‌ಕ್ಲರ್ಕರು ಕಾಣಿಸಿಕೊಂಡರು. ಮೇಲೆ ಕೋಟು, ಟೈ, ಕೆಳಗೆ ಮನೆಯಲ್ಲಿ ಉಡುವ ಪಟ್ಟೆ ಪೈಜಾಮ. ಮುಂದಿನ ಸಾಲಿನ ಕುರ್ಚಿಯನ್ನು ಬಿಟ್ಟುಕೊಟ್ಟು, ಕೊನೆಯ ಸಾಲಿನಲ್ಲಿ ಎತ್ತರದವರೊಬ್ಬರ ಬೆನ್ನಿಗೆ ಅಡಗಿ ಫೋಟೋ ತೆಗೆಸಿಕೊಂಡು ಬಂದಿದ್ದರು. ಪ್ಯಾಂಟನ್ನು ಬಾವುಟದ ಹಾಗೆ ಎತ್ತಿ ಹಿಡಿದರು.

“ಮಾಸ್ಟ್ರೇ, ಇದು ಯಾರ ಸೊಂಟ?” ಎಂದು ಕೇಳಿದರು. ಆಮೇಲೆ ಅವರ ಕಣ್ಣು ಪರದೆಯ ಮೇಲೆ ಬಿತ್ತು, ಅಲ್ಲಿಂದ ಷಡ್ಡಕನ ಮೇಲೆ ಬಿತ್ತು. “ಓ, ಇವರದಾ,” ಎಂದು ಪ್ಯಾಂಟನ್ನು ಷಡ್ಡಕನ ಕೈಗೇ ಕೊಟ್ಟರು.

ಷಡ್ಡಕ ಅದನ್ನು ಸೊಂಟಕ್ಕೆ ಹಿಡಿದು ನೋಡಿದ. ಅಳತೆಗೆ ಹೇಳಿ ಮಾಡಿಸಿದ ಹಾಗಿತ್ತು. ಅಣ್ಣ ಗುಟ್ಟಾಗಿ ಪ್ಯಾಂಟು ಕೂಡ ಹೊಲಿದಿಟ್ಟಿದ್ದಾರೆ ಎಂದು ಅವನ ಹೆಂಡತಿ ಕಣ್ಣೊರೆಸಿಕೊಂಡಳು. ಹೆಡ್‌ಕ್ಲರ್ಕರ ಪೈಜಾಮದ ಕಡೆ ಯಾರೂ ಗಮನ ಕೊಡಲಿಲ್ಲ. ಹೊಸ ಪ್ಯಾಂಟು ಹೊಲಿದುಕೊಡುತ್ತೇನೆ, ದಯವಿಟ್ಟು ಈಗ ಏನೂ ಹೇಳಬೇಡಿ ಎಂದು ಮಾಸ್ಟರು ಕಣ್ಣಲ್ಲೇ ಅವರನ್ನು ಬೇಡಿಕೊಂಡರು. ಮೇಡಂ ತೀರ್ಪು ಹೇಳಲು ತಡ ಮಾಡಲಿಲ್ಲ. ಗೆದ್ದವರು ಟೈಲರ್ ಮಾಸ್ಟರು. ಮಾವನವರು ಎದ್ದು ಪರದೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಯೋಧನನ್ನು ಮೇಲಿಂದ ಕೆಳಗೆ ನೋಡಿ, ಎಂಥ ಮೈಕಟ್ಟು ಎಂದರು.

ಮರುದಿನ ಬೆಳಗ್ಗೆ ಮೇಡಂ ಅಂಗಡಿಯ ಬಾಗಿಲ ಪಕ್ಕದಲ್ಲಿ ಷಡ್ಡಕ ಆಳೆತ್ತರಕ್ಕೆ ನಿಂತಿದ್ದ. ಬೆಳ್ಳಿಯ ಕವಚದಲ್ಲಿ, ಒಂದು ಸುಕ್ಕಿಲ್ಲದೆ. ನಿಜವಾದ ಷಡ್ಡಕ ಹೊಸ ಪ್ಯಾಂಟು ತೊಟ್ಟು ಅದರ ಪಕ್ಕ ನಿಂತು, ಹೋಗಿಬರುವವರಿಗೆಲ್ಲ ಇದು ನಮ್ಮಣ್ಣ ಮಾಡಿದ್ದು ಎಂದು ಹೇಳುತ್ತಿದ್ದ. ಇನ್ನು ಮೇಲೆ ದಿನಾ ಈಜುಕೊಳಕ್ಕೆ ಹೋಗುವ ಮುಂಚೆ ಅಂಗಡಿಗೆ ಬಂದು ಒಂದು ಗಂಟೆ ಕೂತು ಹೋಗುವುದಾಗಿಯೂ ಮಾತು ಕೊಟ್ಟ.

ಮಾಸ್ಟರು ಮಿಷನ್ನನ್ನು ಎಳೆದು ಬೀದಿಗೆ ಬೆನ್ನಾಗುವಂತೆ ತಿರುಗಿಸಿಕೊಂಡರು. ಕೂತು ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದರು. ಎದುರಿಗೆ ಗಿರಾಕಿಗಳು ಕೋಟು ತೊಟ್ಟು ನೋಡಿಕೊಳ್ಳುವ ನಿಲುಗನ್ನಡಿ ಇತ್ತು. ಅದರೊಳಗೆ ಬೀದಿ, ಬೀದಿಯಾಚೆ ಮೇಡಂ ಅಂಗಡಿ, ಅಂಗಡಿಯ ಬಾಗಿಲಲ್ಲಿ ಬೆಳ್ಳಿಯ ಯೋಧ. ಹತ್ತು ಗಂಟೆಗೆ ಬಂದ ಮೊದಲ ಗಿರಾಕಿ ಹೊಸ ಕೋಟು ತೊಟ್ಟು ಆ ಕನ್ನಡಿಯ ಮುಂದೆ ನಿಂತ. ಕೋಟು ಚೆನ್ನಾಗಿ ಕೂತಿತ್ತು. ಅವನು ತನ್ನ ಭುಜದ ಮೇಲಿಂದ ಕನ್ನಡಿಯೊಳಗೆ ಇಣುಕಿ ಬಹಳ ಹೊತ್ತು ನೋಡಿದ.

“ಅದು ಯಾರು ಮಾಸ್ಟ್ರೇ?” ಎಂದ. “ಎಂಥ ಮೈಕಟ್ಟು.”